ಗೋಸುಂಬೆಯ ಪಾಲಿನ ಬೆಲ್ಲ

ಹೋದ ತಿಂಗಳು ನಮ್ಮ ಹಿಂದಿನ ಓಣಿಯ ಹಳೆಯ ಬಾವಿಯ ಕಟ್ಟೆ ಕುಸಿದಿತ್ತೆಂದು ಇಬ್ಬರು ಗೌಂಡಿಗಳು ಬಂದು ಹಳೇ ಪದ್ಧತಿಯ ಗಾರೆ ಕಲಸುತ್ತಿದ್ದರು. ಹಸಿ ಸುಣ್ಣಕ್ಕೆ ಬೆಲ್ಲದ ನೀರು ಸುರಿದರು. ಸುಣ್ಣದ ಉರಿ ವಾಸನೆಯೊಳಗೆ ಬೆಲ್ಲದ ಹುಳಿ ಹುಳಿ ಸಿಹಿ ಬೆರೆತು ಮೂಗಿಗೆ ಬಡಿದದ್ದೇ ತಡ, ಕಾಯಿಪಲ್ಲೆಯ ಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಎಂಬತ್ತು ದಾಟಿದ ಹೆಂಗಸು ದಾರಿಯಲ್ಲಿ ಹಾಗೆ ನಿಂತರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ, ವಯಸ್ಸಾಯಿತು ಅನ್ನುತ್ತಾರೆ. ಗೌಂಡಿ ಹುಡುಗ ಒಂದು ಕಲ್ಲು ಒರೆಸಿಕೊಟ್ಟು "ಕುಂಡರ್ರಿ ಆಯಿ" ಅಂದ. ನನ್ನನ್ನು ನಿಲ್ಲಿಸಿದ್ದು ವಯಸ್ಸಲ್ಲ, ಎಂಟು ವರ್ಷದವಳಾಗಿದ್ದಾಗಿನ ಅಂಜಿಕೆ. ಈ ವಾಸನೆ ಬಂದರೆ ಈಗಲೂ ನಾನು ಏನೋ ಕದ್ದಿದ್ದೇನೆ, ಈಗ ಯಾರೋ ಬಂದು ಕೈ ತೆರೆಸಿ ನೋಡುತ್ತಾರೆ ಅನ್ನಿಸುತ್ತದೆ. ನಿಮಗೂ ಇಂಥದೊಂದು ವಾಸನೆ ಇದ್ದೀತು. ಅದು ಬಂದಾಗ ಮನೆ ಬರುತ್ತದೆ, ಮನೆಯವರು ಬರುತ್ತಾರೆ, ಆದರೆ ಅವರಲ್ಲಿ ಯಾರೂ ಈಗ ಇಲ್ಲ.

ರಬಕವಿಯಲ್ಲಿ ಆಗ ಯಾವ ಮನೆಯ ಮುಂದೆ ಹಾದರೂ ಮಗ್ಗದ ಸದ್ದು. ನಮ್ಮ ಮನೆಯಲ್ಲಿ ಮಾತ್ರ ಸದ್ದಿರಲಿಲ್ಲ, ವಾಸನೆ ಇತ್ತು. ನಮ್ಮದು ನೂಲಿಗೆ ನೀಲಿ ಅದ್ದುವ ಮನೆ. ಸಂಸ್ಥಾನ ಹೋಗಿ ಮುಂಬೈ ಸರಕಾರ ಬಂದ ಹೊಸತು. ಪುಡಿ ಬಣ್ಣದ ಡಬ್ಬಿಗಳು ಪೇಟೆಗೆ ಬಂದಿದ್ದರೂ ಸಂಕ್ರಾಂತಿಗೆ ಉಡುವ ಕರೀ ಚಂದ್ರಕಾಳಿ ಸೀರೆಗೆ ನನ್ನ ಅಜ್ಜನ, ನಮ್ಮ ಬಾಯಲ್ಲಿ ಮುತ್ಯಾನ, ನೀಲಿಯೇ ಬೇಕೆಂದು ಹಟ ಹಿಡಿಯುವ ನೇಕಾರರು ಇನ್ನೂ ಇದ್ದರು. ಹಿತ್ತಿಲಲ್ಲಿ ಮಣ್ಣಿನ ಮಾಳಿಗೆಯ ಒಂದು ಸಣ್ಣ ಕೋಣೆ, ಅದಕ್ಕೆ ಬಾನಿಮನೆ ಅನ್ನುತ್ತಿದ್ದೆವು. ಒಳಗೆ ಕುತ್ತಿಗೆಯವರೆಗೆ ನೆಲದಲ್ಲಿ ಹೂತ ಒಂದು ದೊಡ್ಡ ಬಾನಿ, ಅದು ಬೆಚ್ಚಗಿರಲೆಂದು ಸುತ್ತ ಸೆಗಣಿ ಮತ್ತು ಹೊಟ್ಟು. ಮೂಲೆಯಲ್ಲಿ ಒಲೆಗೆಂದು ಒಟ್ಟಿದ ಹತ್ತಿಕಟ್ಟಿಗೆ. ಮೇಲಿನ ಬೆಳಕಿಂಡಿಯಿಂದ ಒಂದೇ ಒಂದು ಕೋಲು ಬಿಸಿಲು. ನೀಲಿ, ಸುಣ್ಣ, ಬೆಲ್ಲ ಸೇರಿ ಹುಳಿತ ಬಾನಿಯೊಳಗಿನ ನೀರು ನೀಲಿಯಲ್ಲ, ಹಳದಿ ಹಸಿರು. ಮೇಲೆ ಮಾತ್ರ ತಾಮ್ರದ ಹೊಳಪಿನ ನೀಲಿ ನೊರೆ. ಮುತ್ಯಾ ನೂಲಿನ ಲಡಿ ಮುಳುಗಿಸಿ ಎತ್ತಿದರೆ ಅದು ಎಳೆ ಹುಣಸೆಯೆಲೆಯ ಬಣ್ಣದಲ್ಲಿ ಬರುತ್ತಿತ್ತು. ನೋಡನೋಡುತ್ತ ಗಾಳಿ ತಾಗಿ ಹಸಿರು ಹೋಗಿ ನೀಲಿ ಏರುತ್ತಿತ್ತು. ಹತ್ತು ಸಲ, ಹನ್ನೆರಡು ಸಲ ಹಾಗೆ ಕುಡಿಸಿದರೆ ಕಪ್ಪು. ನನಗೆ ಅದು ಪ್ರತಿ ಸಲವೂ ಮಾಟದಂತೆ ಕಂಡು ಮೈ ಜುಂ ಅನ್ನುತ್ತಿತ್ತು.

ಬಾನಿ ನಮಗೆ ಪಾತ್ರೆಯಲ್ಲ, ಮನೆಯ ಹಿರಿಯಳು. ಅದಕ್ಕೆ ಹಸಿವಿತ್ತು, ಮುನಿಸಿತ್ತು. ದಿನಾ ಬೆಳಿಗ್ಗೆ ಬೆಲ್ಲ ಉಣಿಸಬೇಕು, ಇಲ್ಲದಿದ್ದರೆ ಬಣ್ಣ ಬಿಡುವುದಿಲ್ಲ. ಉಣಿಸುವುದಕ್ಕೆ ಇನ್ನೂ ದೊಡ್ಡವಳಾಗದ ಹುಡುಗಿಯ ಕೈಯೇ ಆಗಬೇಕು. ಮನೆಯ ಬೇರೆ ಹೆಂಗಸರು ಯಾವ ದಿನದಲ್ಲೂ ಬಾನಿಮನೆಯ ಹೊಸ್ತಿಲು ದಾಟುವಂತಿಲ್ಲ. ಮುಟ್ಟಾದಾಗಂತೂ ಹಿತ್ತಿಲಿಗೇ ಬರುವಂತಿಲ್ಲ. ಆ ಚಳಿಗಾಲ ನನ್ನ ಅವ್ವ ಹೆರಿಗೆಗೆಂದು ಬೀಳಗಿಯ ತವರಿಗೆ ಹೋಗಿದ್ದಳು. ಅಪ್ಪ ಸೋಲಾಪುರದ ಗಿರಣಿಯಲ್ಲಿದ್ದ. ಮನೆಯಲ್ಲಿ ಉಳಿದವರು ಮುತ್ಯಾ, ಅವನ ಹೆಂಡತಿ ಆಯಿ, ಅಪ್ಪನ ತಮ್ಮ ಕಾಕಾ, ಕಾಕಾನನ್ನು ಮದುವೆಯಾಗಿ ಮುಧೋಳದಿಂದ ಬಂದು ವರ್ಷ ತುಂಬದ ಚಿಗವ್ವ, ಮತ್ತು ನಾನು. ಮುತ್ಯಾ ದಿನಾ ನಿಂಬೆಹಣ್ಣಿನಷ್ಟು ಬೆಲ್ಲವನ್ನು ನನ್ನ ಅಂಗೈಯಲ್ಲಿಟ್ಟು "ಹೋಗವಾ ಚಂಪಿ, ಉಣಿಸಿ ಬಾ" ಅನ್ನುತ್ತಿದ್ದ. ನಾನು ಒಳಗೆ ಹೋಗಿ "ಉಣ್ಣವಾ" ಅಂದು ಹಾಕಿ, ಕೋಲಿನಿಂದ ತಿರುವಿ ಬರುತ್ತಿದ್ದೆ. ಮನೆಯಲ್ಲಿ ನನ್ನೊಬ್ಬಳಿಗೇ ಇದ್ದ ಅಧಿಕಾರ ಅದು, ಜಂಬವೂ ಇತ್ತು.

ಗೋಸುಂಬೆ ಬಂದದ್ದು ದೀಪಾವಳಿ ಕಳೆದ ಮೇಲೆ. ಓಣಿಯ ಹುಡುಗರು ಜಾಲಿ ಬೇಲಿಯ ಮೇಲಿದ್ದ ಅದಕ್ಕೆ ಕಲ್ಲು ಬೀರುತ್ತಿದ್ದರು. ಅದು ಕಾಲು ತಪ್ಪಿ ಕೆಳಗೆ ಬಿತ್ತು, ಬಿದ್ದದ್ದು ನಾನು ಉಟ್ಟ ಪರಕಾರದ ಮೇಲೆ. ಗೋಸುಂಬೆ ಯಾರನ್ನು ದಿಟ್ಟಿಸುತ್ತದೋ ಅವರ ರಕ್ತ ಎಳೆದು ತನ್ನ ಬಣ್ಣ ಮಾಡಿಕೊಳ್ಳುತ್ತದೆ ಎಂದು ನಾವೆಲ್ಲ ನಂಬಿದ್ದೆವು. ಹುಡುಗರು ಓಡಿಹೋದರು. ನನಗೆ ಕಿರುಚಲಿಕ್ಕೂ ಬಾಯಿ ಬರಲಿಲ್ಲ. ತಲೆಯ ಮೇಲೆ ಕೊಂಬಿನಂಥ ಏಣು, ಒಂದು ಕಣ್ಣು ನನ್ನ ಕಡೆ, ಇನ್ನೊಂದು ಬೇಲಿಯ ಕಡೆ. ಇಕ್ಕಳದಂಥ ಕಾಲುಗಳಿಂದ ಪರಕಾರದ ನಿರಿಗೆ ಹಿಡಿದು ಗಟ್ಟಿಯಾಗಿ ಕೂತುಬಿಟ್ಟಿತು. ಕೊಡವಲು ಧೈರ್ಯವಿಲ್ಲದೆ ಹಾಗೆಯೇ ನಡೆದು ಮನೆಗೆ ಬಂದೆ. ಮುತ್ಯಾ ಬಿಟ್ಟರೆ ಯಾರೂ ಬರದ ಜಾಗ ಬಾನಿಮನೆಯೊಂದೇ, ಅಲ್ಲಿಗೆ ಹೋಗಿ ಅಳುತ್ತ ನಿಂತೆ. ಬಾಗಿಲ ಚೌಕಟ್ಟು ಹಿಡಿದು ಹೊಸ್ತಿಲಾಚೆ ನಿಂತ ಚಿಗವ್ವ ನನ್ನನ್ನು ನೋಡಿದಳು. ಅವಳ ಕೈ ಹಿಟ್ಟಾಗಿತ್ತು. "ಅಲುಗಾಡಬ್ಯಾಡ," ಅಂದಳು, "ಅದಕ ಸಿಟ್ಟಿಲ್ಲ, ಹಸಿವು ಆಗೇತಿ. ಆ ಕಟಗಿ ಹಂತ್ಯಾಕ ಹೋಗಿ ನಿಂದರು, ತಾನ ಇಳೀತೈತಿ." ಹತ್ತಿಕಟ್ಟಿಗೆಯ ಹತ್ತಿರ ಹೋಗಿ ನಿಂತೆ. ಅದು ಒಂದೊಂದೇ ಕಾಲು ಗಾಳಿಯಲ್ಲಿ ತೂಗಿ ತೂಗಿ ನೋಡಿ, ಇಳಿದು, ಕಟ್ಟಿಗೆಯ ಬಣ್ಣಕ್ಕೆ ತಿರುಗಿ ಮಾಯವಾಯಿತು.

ಅಂಜಿಕೆಯಿಂದ ಶುರುವಾದದ್ದು ನಂಟಾಯಿತು, ಆದರೆ ಅಂಜಿಕೆ ಹೋಗಲಿಲ್ಲ. ನೀಲಿ ನೂಲಿನ ತುಂಡೊಂದನ್ನು ಅದರ ನಡುವಿಗೆ ಸಡಿಲವಾಗಿ ಕಟ್ಟಿ ಕಟ್ಟಿಗೆಗೆ ಬಿಗಿದೆ. ಕಟ್ಟಿಗೆಯ ಬಣ್ಣದಲ್ಲಿ ಕರಗಿದ ಅದು ಮುತ್ಯಾನ ಮುಪ್ಪಿನ ಕಣ್ಣಿಗೆ ಬೀಳಲಿಲ್ಲ. ಅದಕ್ಕೆ ನೊಣ ಬೇಕು ಎಂದು ಚಿಗವ್ವ ಹೇಳಿದಳು. ಹಿಡಿದು ಕೊಟ್ಟ ಸತ್ತ ನೊಣ ಅದಕ್ಕೆ ಬೇಡ, ಹಾರಾಡುವುದೇ ಆಗಬೇಕು. ಅದಕ್ಕೇ ಒಂದು ತೆಂಗಿನ ಚಿಪ್ಪಿನಲ್ಲಿ ಬಾನಿಯ ಬೆಲ್ಲದಿಂದ ಚೂರು ಮುರಿದು ನೀರು ಚಿಮುಕಿಸಿ ಅದರ ಮುಂದೆ ಇಟ್ಟೆ. ನೊಣ ಬಂದವು. ಎರಡು ಕಣ್ಣೂ ಒಂದೇ ಕಡೆ ತಿರುಗಿ ನಿಂತವು, ಬಾಯಿ ಸ್ವಲ್ಪವೇ ತೆರೆಯಿತು, ಏನೋ ಹೊರಗೆ ಬಂದು ಒಳಗೆ ಹೋಯಿತು, ನೊಣ ಇರಲಿಲ್ಲ. ಅದರ ದವಡೆ ಮಾತ್ರ ಮುದುಕಿ ಎಲೆ ಅಡಿಕೆ ಮೆಲ್ಲುವಂತೆ ಆಡುತ್ತಿತ್ತು. ನನಗೆ ಹೆದರಿಕೆಯೂ ಆಯಿತು, ನಗುವೂ ಬಂತು. ಹೊಸ್ತಿಲಾಚೆಯಿಂದ ಚಿಗವ್ವ ಬಾಯಿಗೆ ಸೆರಗಿಟ್ಟು ನಕ್ಕಳು. ಆಮೇಲೆ ದಿನಾ ಬೆಳಿಗ್ಗೆ ರೊಟ್ಟಿ ಬಡಿಯುವ ನಡುವೆ ಒಂದು ಗಳಿಗೆ ಬಂದು ನಿಂತು "ಉಂಡಿತೇನಬೇ ನಿನ್ನ ಕೂಸು?" ಅಂದು ಹೋಗುತ್ತಿದ್ದಳು. ಒಂದು ದಿನವೂ ಅವಳ ಕಾಲು ಹೊಸ್ತಿಲು ದಾಟಲಿಲ್ಲ. ಅಲ್ಲಿಂದ ಅವಳಿಗೆ ಗೋಸುಂಬೆಯೊಂದೇ ಕಾಣುತ್ತದೆಂದು ನಾನು ತಿಳಿದಿದ್ದೆ.

ಚಳಿ ಬಿತ್ತು. ಹೊಳೆಯ ಕಡೆಯಿಂದ ಬೆಳಗಿನ ಗಾಳಿ ಬೀಸಿದರೆ ಬಾನಿಮನೆಯ ಗೋಡೆಯೂ ತಣ್ಣಗಾಗುತ್ತಿತ್ತು. ನೊಣ ಕಡಿಮೆಯಾದವು. ಚೂರು ಬೆಲ್ಲ ಇಡುತ್ತಿದ್ದವಳು ಕಾಲು ಭಾಗ ಇಟ್ಟೆ, ಆಮೇಲೆ ಅರ್ಧ. ಗೋಸುಂಬೆ ಉಣ್ಣುವುದನ್ನು ಬಿಡುತ್ತ ಬಂದಷ್ಟೂ ನಾನು ಬೆಲ್ಲ ಹೆಚ್ಚಿಸಿದೆ, ಕಡೆಕಡೆಗೆ ಬಾನಿಗೆ ಹಾಕಿದ್ದು ಕಡಲೆಕಾಳಿನಷ್ಟು. ಬಾನಿ ದೊಡ್ಡದು, ಅದಕ್ಕೇನು ಗೊತ್ತಾಗುತ್ತದೆ ಅಂದುಕೊಂಡಿದ್ದೆ. ಆದರೆ ನನ್ನನ್ನು ಹೆದರಿಸಿದ್ದು ಬೆಲ್ಲವಲ್ಲ, ಅದರ ಮೈಬಣ್ಣ. ಹಸಿರು ಹಳದಿ ಇದ್ದ ಗೋಸುಂಬೆ ದಿನದಿನಕ್ಕೆ ಕಪ್ಪೇರುತ್ತಿತ್ತು. ಒಂದು ಬೆಳಿಗ್ಗೆ ನೋಡಿದರೆ ಹನ್ನೆರಡು ಸಲ ಅದ್ದಿದ ಲಡಿಯಷ್ಟು ಕಪ್ಪು. ಅದೇ ಬೆಳಿಗ್ಗೆ ಬಾನಿಯ ನೊರೆ ಒಡೆದಿತ್ತು. ಮುತ್ಯಾ ಎತ್ತಿದ ನೂಲು ಗಾಳಿಗೆ ಎಷ್ಟು ಹೊತ್ತು ಹಿಡಿದರೂ ಹಳೇ ಧೋತರದಂತೆ ಮಾಸಲಾಗಿಯೇ ಉಳಿಯಿತು. ನನಗೆ ತಟ್ಟನೆ ಹೊಳೆಯಿತು. ಈ ಪ್ರಾಣಿ ಬಾನಿಯನ್ನೇ ದಿಟ್ಟಿಸಿ ದಿಟ್ಟಿಸಿ ಅದರ ನೀಲಿಯನ್ನೆಲ್ಲ ಎಳೆದುಕೊಂಡಿದೆ, ನಾನೇ ಅದನ್ನು ಒಳಗೆ ತಂದು ಸಾಕಿದ್ದೇನೆ.

ಮುತ್ಯಾ ಬಾನಿಗೆ ಬೆರಳದ್ದಿ ನಾಲಿಗೆಗೆ ಇಟ್ಟು ನೋಡಿದ. ಅವನು ಹಾಗೆಯೇ ಬಾನಿಯ ಆರೋಗ್ಯ ತಿಳಿಯುತ್ತಿದ್ದ. "ಬಾಯಿ ಸುಡತೈತಿ, ಬರೇ ಸುಣ್ಣ," ಎಂದು ಉಗುಳಿದ. "ಹಸದೈತಿ ಅನ್ನೂಣಂದ್ರ ದಿನಾ ಬೆಲ್ಲಾ ಬೀಳಾಕತ್ತೈತಿ. ಹಾಕಿಯಿಲ್ಲವಾ ಚಂಪಿ?" ಆ ಮಾತಿನಲ್ಲಿ ಅನುಮಾನ ಇರಲೇ ಇಲ್ಲ, ಇದ್ದಿದ್ದರೆ ನಾನು ಅಳುತ್ತ ಎಲ್ಲ ಹೇಳಿಬಿಡುತ್ತಿದ್ದೆನೇನೋ. "ಹಾಕೇನಿ ಮುತ್ಯಾ," ಅಂದೆ. ಅವನು ನನ್ನ ತಲೆ ಸವರಿ, ಹಾಗಾದರೆ ಹಸಿವಲ್ಲ, ಮುನಿಸು ಎಂದು ತೀರ್ಮಾನ ಮಾಡಿದ. ಸಂಕ್ರಾಂತಿಗೆ ಇಪ್ಪತ್ತು ದಿನ ಉಳಿದಿತ್ತು, ಮನೆಯ ತುಂಬ ನೇಕಾರರ ಬಿಳೀ ನೂಲು ಬಿದ್ದಿತ್ತು. ಬಾನಿ ಸತ್ತರೆ ಹೊಸದು ಕಟ್ಟಿ ಎಬ್ಬಿಸಲು ತಿಂಗಳು ಬೇಕು. ಆಮೇಲೆ ಪುಡಿ ಬಣ್ಣದವರ ಕಡೆ ಹೋದ ನೇಕಾರರು ತಿರುಗಿ ಬರುತ್ತಾರೆಂದು ಮುತ್ಯಾನಿಗೆ ಭರವಸೆ ಇರಲಿಲ್ಲ.

ಬಾನಿ ಮುನಿದರೆ ಮಾಡುವುದಕ್ಕೆ ನಮ್ಮ ಮನೆತನದಲ್ಲಿ ಒಂದು ಪದ್ಧತಿ ಇತ್ತು. ಊರಲ್ಲಿ ಒಂದು ಸುಳ್ಳು ಬಿಡಬೇಕು. ಆ ಸುಳ್ಳನ್ನು ಮಂದಿ ನಂಬಿ ನಾಲ್ಕು ಕಟ್ಟೆಗಳ ಮೇಲೆ ಗದ್ದಲವಾದರೆ ಬಾನಿ ಮುನಿಸು ಮರೆತು ಏಳುತ್ತದೆ. ಮುತ್ಯಾ ಜೀವಮಾನದಲ್ಲಿ ಬಾನಿಗಾಗಿ ಬಿಟ್ಟರೆ ಬೇರೆ ಯಾವುದಕ್ಕೂ ಸುಳ್ಳಾಡಿದವನಲ್ಲ, ಹಾಗಾಗಿ ಅವನಿಗೆ ಅದು ಬರುತ್ತಲೂ ಇರಲಿಲ್ಲ. ಹಿಪ್ಪರಗಿ ಹೊಳೆಯಲ್ಲಿ ಮೂಗುತಿ ಇಟ್ಟುಕೊಂಡ ಮೊಸಳೆ ಕಂಡಿತಂತೆ ಎಂದು ಚಾವಡಿಯ ಮುಂದೆ ಹೇಳಿ ಬಂದ. ಮಂದಿ ಹೊಟ್ಟೆ ಹಿಡಿದು ನಕ್ಕು "ಬಾನಿ ಕೆಟ್ಟೈತೇನ್ರಿ ಯಜಮಾನ್ರ?" ಎಂದು ಕೇಳಿದರು. ಮರುದಿನ ಬೀಳಗಿಯಲ್ಲಿ ಕೋಳಿ ನೀಲಿ ತತ್ತಿ ಇಟ್ಟಿದೆ ಅಂದ. ಅದನ್ನೂ ಯಾರೂ ನಂಬಲಿಲ್ಲ. ಮುತ್ಯಾ ಬಂದು ಬಾನಿಮನೆಯ ಹೊಸ್ತಿಲ ಮೇಲೆ ತಲೆಗೆ ಕೈಹೊತ್ತು ಕೂತ. "ಸುಳ್ಳು ಖರೇ ಅನಿಸಬೇಕವಾ. ಒಮ್ಮಿ ಬಾನಿ ಎದ್ದರ ಆ ಸುಳ್ಳು ತಿರುಗಿ ತಗೋಬಾರದು. ತಗೊಂಡ್ರ ಅದ ಗಳಿಗಿಗೆ ಬಾನಿ ಸಾಯತೈತಿ," ಅಂದ. ಯಾರಿಗೆ ಹೇಳಿದನೋ, ಬಾನಿಗೋ ನನಗೋ, ನಾನಂತೂ ಅದನ್ನು ಮಂತ್ರದಂತೆ ಕೇಳಿಸಿಕೊಂಡೆ.

ಎಂಟು ವರ್ಷದ ತಲೆ ಎಷ್ಟು ಕೆಲಸ ಮಾಡುತ್ತದೆ ನೋಡಿ. ಗೋಸುಂಬೆಗೆ ನೀಲಿ ಕುಡಿಸಿದವಳು ನಾನು, ತಿರುಗಿ ತರಬೇಕಾದವಳೂ ನಾನು. ಗೋಸುಂಬೆ ಸಿಕ್ಕಿಬಿದ್ದರೆ ಮುತ್ಯಾ ಅದನ್ನು ಕಲ್ಲಿನಿಂದ ಜಜ್ಜುತ್ತಾನೆ, ನನ್ನನ್ನು ಏನು ಮಾಡುತ್ತಾನೋ ಗೊತ್ತಿಲ್ಲ. ಮಂದಿ ನಂಬುವಂಥ ಸುಳ್ಳು ಯಾವುದೆಂದು ಒಂದು ದಿನ ಪೂರ್ತಿ ಯೋಚಿಸಿದೆ. ಮರುದಿನ ಬಾವಿಕಟ್ಟೆಯ ಮೇಲೆ ಎದುರು ಮನೆಯ ಕಾಶವ್ವ ಕೊಡ ತಿಕ್ಕುತ್ತ "ಏನವಾ, ನಿಮ್ಮ ಬಾನಿ ಇನ್ನೂ ಎದ್ದಿಲ್ಲಂತ?" ಎಂದು ಕೇಳಿದಳು. ನಾನು ಅವಳ ಹತ್ತಿರ ಸರಿದು ಹೇಳಿದೆ: "ಯಾರ ಮುಂದೂ ಹೇಳಬ್ಯಾಡ್ರಿ. ನಮ್ಮ ಚಿಗವ್ವ ಹೊರಗಾದಾಗ ಬಾನಿಮನಿಯೊಳಗ ಬಂದಿದ್ಲು." ಚಿಗವ್ವನ ಹೆಸರೇ ಯಾಕೆ ಬಂತು? ಅವಳು ನನ್ನವಳಾಗಿದ್ದಳು, ಅದಕ್ಕೇ. ಸಿಟ್ಟಾಗದವರ ಹೆಸರು ಬಾಯಿಗೆ ಬೇಗ ಬರುತ್ತದೆ. ಮುತ್ಯಾ ಬಿಟ್ಟ ಸುಳ್ಳಿಗೆ ನಕ್ಕ ಊರು ನನ್ನ ಸುಳ್ಳಿಗೆ ನಗಲಿಲ್ಲ. ಬಾನಿಗೆ ಉಣಿಸುವ ಕೂಸು ಸುಳ್ಳಾಡೀತೇ?

ಮಧ್ಯಾಹ್ನದೊಳಗೆ ಮಾತು ಆಯಿಯ ಕಿವಿಗೆ ಬಂತು. ಅಡುಗೆಮನೆಯಲ್ಲಿ ಆಯಿ ಚಿಗವ್ವನನ್ನು ಎದುರಿಗೆ ನಿಲ್ಲಿಸಿ ಕೇಳಿದಳು. ನಾನು ಬೀಸುಕಲ್ಲಿನ ಹಿಂದೆ ಕೂತಿದ್ದೆ, ಹಲ್ಲು ಕಟಕಟ ಅನ್ನುವುದು ಕೇಳಬಾರದೆಂದು ಪರಕಾರದ ಅಂಚನ್ನು ಬಾಯಲ್ಲಿ ತುರುಕಿಕೊಂಡಿದ್ದೆ. ಚಿಗವ್ವ "ನಾ ಹೊಸ್ತಿಲಾ ದಾಟಿಲ್ರಿ ಅತ್ತೀ" ಅಂದಳು. "ಕೂಸು ಸುಳ್ಳ ಹೇಳತೈತೇನು?" ಅಂದಳು ಆಯಿ. ಚಿಗವ್ವ ಆಗ ನನ್ನ ಕಡೆ ನೋಡಿದಳು. ಈಗ ಗೋಸುಂಬೆಯ ಸುದ್ದಿ ಹೇಳುತ್ತಾಳೆ ಎಂದು ಕಣ್ಣು ಮುಚ್ಚಿಕೊಂಡೆ. ಅವಳು ಏನೂ ಹೇಳಲಿಲ್ಲ. ಬಾನಿ ಏಳುವವರೆಗೆ ಮುಧೋಳದಲ್ಲಿರಲಿ ಎಂದು ಆಯಿ ಅಂದಳು, ಮುತ್ಯಾ ನೆಲ ನೋಡಿದ, ಕಾಕಾ ಮರುದಿನ ಬೆಳಿಗ್ಗೆ ಚಕ್ಕಡಿ ಹೂಡಿದ. ಗಂಟು ಹಿಡಿದು ಹೊರಟವಳು ನನ್ನ ಹೆರಳು ಬಿಚ್ಚಿದ್ದನ್ನು ಕಂಡು, ನಿಂತು, ಹೆಣೆದು ಹೋದಳು. ಅವಳ ಬೆರಳು ನನ್ನ ಕುತ್ತಿಗೆಗೆ ತಾಗಿದಾಗಲೆಲ್ಲ ನಾನು ಬೆಚ್ಚುತ್ತಿದ್ದೆ.

ಚಕ್ಕಡಿ ತಿರುವು ದಾಟಿದ ಮೇಲೆ ಬಾನಿಮನೆಗೆ ಓಡಿದೆ. ಇನ್ನು ಆ ಪ್ರಾಣಿಯ ಜೊತೆ ಒಂದೇ ಕೋಣೆಯಲ್ಲಿ ಇರುವುದು ನನ್ನಿಂದಾಗದು. ಕಪ್ಪಗೆ, ಕಟ್ಟಿಗೆಯಂತೆ ಬಿಗಿದು ಕೂತಿತ್ತು. ನೂಲು ಕಡಿದು, ಕಟ್ಟಿಗೆ ಸಮೇತ ಎತ್ತಿ ಒಯ್ದು ಬಿಸಿಲಿದ್ದ ಜಾಲಿ ಬೇಲಿಯ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಅದರ ಒಂದು ಬದಿ ಹಸಿರಾಗತೊಡಗಿತು, ಕಣ್ಣು ತಿರುಗಿತು, ಒಂದು ಕಾಲು ಗಾಳಿಯಲ್ಲಿ ತೂಗಿತು. ಕದ್ದ ಬಣ್ಣ ಬಿಟ್ಟುಕೊಟ್ಟಿತು ಅಂದುಕೊಂಡೆ. ಅಂದಿನಿಂದ ಮುತ್ಯಾ ಕೊಟ್ಟ ಬೆಲ್ಲವನ್ನೆಲ್ಲ, ಅಂಗೈ ನೆಕ್ಕದೆ, ಬಾನಿಗೇ ಹಾಕಿದೆ. ಚಿಪ್ಪಿನಲ್ಲಿ ಉಳಿದದ್ದನ್ನೂ ಕೆರೆದು ಹಾಕಿದೆ. ಮೂರನೆಯ ದಿನ ಬಾನಿ ನೊರೆಗಟ್ಟಿತು. ನಾಲ್ಕನೆಯ ದಿನ ನೂಲು ಹಸಿರಾಗಿ ಬಂದು ಕಣ್ಣೆದುರೇ ನೀಲಿಯಾಯಿತು. ಮೈಲಿಗೆ ಹೊರಗೆ ಹೋಯಿತು, ಬಾನಿ ಎದ್ದಿತು ಎಂದು ಆಯಿ ಕೈಮುಗಿದಳು. ಕೂಸಿನ ಬಾಯಲ್ಲಿ ದೇವರು ನುಡಿದ ಅಂದಳು. ಮುತ್ಯಾ ಆ ಬಾನಿಯಲ್ಲೇ ಅದ್ದಿದ ಬಟ್ಟೆಯ ಪರಕಾರ ಹೊಲಿಸಿಕೊಟ್ಟ. ಅದನ್ನು ಉಟ್ಟು ಸಂಕ್ರಾಂತಿಗೆ ಮನೆಮನೆಗೆ ಎಳ್ಳು ಹಂಚಿದೆ. ಒಳಗೊಳಗೆ ಸಾಯುವಷ್ಟು ಅಂಜಿದ್ದೆ. ಸುಳ್ಳು ಅಂತ ಹೇಳಿದರೆ ಬಾನಿ ಸಾಯುತ್ತದೆ. ಹೇಳದಿದ್ದರೆ ಚಿಗವ್ವ ಬರುವುದಿಲ್ಲ.

ಅವಳು ಬರಲೇ ಇಲ್ಲ. ಬಾನಿ ಇರುವವರೆಗೆ ಆ ಕಾಲು ಈ ಮನೆಗೆ ಬೇಡ ಎಂದು ಆಯಿ ಹಟ ಹಿಡಿದಳು. ಕಾಕಾ ಎರಡು ಸಲ ಮುಧೋಳಕ್ಕೆ ಹೋಗಿ, ಎರಡು ಸಲವೂ ಒಬ್ಬನೇ ಬಂದ. ಮೂರನೆಯ ವರ್ಷ ಸೋಡಚೀಟಿ ಆಗಿ ಸಂಬಂಧ ಹರಿಯಿತು, ಅವನಿಗೆ ಬೇರೆ ಹೆಣ್ಣು ತಂದರು. ಅದಾದ ಮರುವರ್ಷ ಮುತ್ಯಾ ಜ್ವರ ಬಂದು ಹದಿನೈದು ದಿನ ಮಲಗಿದಾಗ ಬಾನಿಗೆ ಬೆಲ್ಲ ಕೊಡುವುದನ್ನು ಎಲ್ಲರೂ ಮರೆತೆವು. ನೊರೆ ಒಡೆಯಿತು, ನೂಲು ಮಾಸಲಾಯಿತು. ಎದ್ದು ಬಂದ ಮುತ್ಯಾ ಬೆರಳು ನೆಕ್ಕಿ, "ಪಾಪ, ಹಸದೈತಿ" ಎಂದು ಬೆಲ್ಲ ಹಾಕಿಸಿದ. ಮೂರೇ ದಿನಕ್ಕೆ ಎದ್ದಿತು. ಯಾವ ಸುಳ್ಳೂ ಬೇಕಾಗಲಿಲ್ಲ. ಕೋಲು ಹಿಡಿದು ಬಾನಿ ತಿರುವುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಗೋಸುಂಬೆ ಏನನ್ನೂ ಕದ್ದಿರಲಿಲ್ಲ, ಅದು ಚಳಿಗೆ ಕಪ್ಪಾಗಿತ್ತು. ಇಷ್ಟು ವರ್ಷ ನಾನು ತಪ್ಪು ಕಳ್ಳನಿಗೆ ಅಂಜಿದ್ದೆ. ಆಗಲೂ ಹೇಳಲಿಲ್ಲ. ಹೇಳಿ ಈಗೇನು ಬರುತ್ತದೆ ಅಂದುಕೊಂಡೆ. ಅದೂ ಅಂಜಿಕೆಯದೇ ಮಾತು.

ಮುತ್ಯಾ ಹೋದ, ಆಯಿ ಹೋದಳು, ಮುಂಬೈ ಸರಕಾರ ಹೋಗಿ ಮೈಸೂರು ರಾಜ್ಯವಾಯಿತು. ಬಾನಿಗೆ ಕಾಕಾ ಮಣ್ಣು ತುಂಬಿ ಮೇಲೆ ಮಗ್ಗ ಹೂಡಿದ. ನನಗೆ ಮದುವೆಯಾಗಿ ಎರಡು ಮಕ್ಕಳಾದ ಮೇಲೆ ಒಮ್ಮೆ ಧೈರ್ಯ ಮಾಡಿ ಮುಧೋಳಕ್ಕೆ ಹೋದೆ. ಚಿಗವ್ವ ಅಣ್ಣನ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೂದಲು ನೆರೆತಿತ್ತು, ಜೋಳದ ದೂಳಾದ ಕೈ ಮಾತ್ರ ಆಗಿನ ಹಿಟ್ಟಿನ ಕೈಯಂತೆಯೇ ಇತ್ತು. ನನ್ನ ಗುರುತು ಹಿಡಿದು, ಒಳಗೆ ಹೋಗಿ ತಾಮ್ರದ ತಂಬಿಗೆಯಲ್ಲಿ ನೀರು, ಅಂಗೈಯಲ್ಲಿ ಬೆಲ್ಲ ತಂದುಕೊಟ್ಟಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದದ್ದೆಲ್ಲ ಮರೆತುಹೋಯಿತು. ಬೆಲ್ಲ ಮುರಿದು ಅರ್ಧ ಬಾಯಿಗಿಟ್ಟೆ, ಅರ್ಧ ಗೊತ್ತಿಲ್ಲದೆ ಮುಷ್ಟಿಯಲ್ಲಿ ಹಿಡಿದೆ. ಅವಳು ನೋಡಿ ಸೆರಗಿನಲ್ಲಿ ನಕ್ಕಳು. "ಇನ್ನೂ ಅದಕೊಂದು ಪಾಲು ತಗದ ಇಡತೀಯೇನಬೇ?"

"ಗೊತ್ತಿತ್ತೇನ ಚಿಗವ್ವಾ?" ಅಂದೆ. "ದಿನಾ ಬಾಗಲದಾಗ ನಿಂತ ನೋಡಾಕಿ ನಾನ ಅಲ್ಲೇನು," ಅಂದಳು. ಹಾಗಾದರೆ ಆ ದಿನ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಮೊರದಲ್ಲಿನ ಜೋಳ ಒಮ್ಮೆ ಕೇರಿ, ಕಲ್ಲು ಹೆಕ್ಕಿ ಹೊರಗೆಸೆದಳು. "ಪರಕಾರ ಬಾಯಾಗ ತುರಕೊಂಡ ಕುಂತಿದ್ದಿ. ಅಷ್ಟ ಅಂಜಿದ ಕೂಸಿನ ನಾ ನೋಡಿದ್ದಿಲ್ಲ. ನಾಲ್ಕ ದಿನದ ಮಾತು, ಬಾನಿ ಎದ್ದ ಮ್ಯಾಲ ಕರಸ್ತಾರ ಅಂತ ತಿಳಕೊಂಡಿದ್ದೆ." ಆಮೇಲೆ ಸುಮ್ಮನೆ, ಹಳೆಯ ಪರಿಚಯದವರ ಆರೋಗ್ಯ ವಿಚಾರಿಸಿದಂತೆ ಕೇಳಿದಳು: "ಎಷ್ಟ ದಿನಕ್ಕ ಎದ್ದಿತವಾ?"

"ಮೂರು ದಿನಕ್ಕ," ಅಂದೆ.

"ಮೂರ ದಿನಕ್ಕ," ಅಂದಳು ಚಿಗವ್ವ. ಮೊರ ಅವಳ ಕೈಯಲ್ಲಿ ನಿಂತಿತ್ತು. ಹೊರಗೆ ಚಕ್ಕಡಿಯೊಂದು ಹಾದುಹೋಯಿತು, ಅದರ ಸದ್ದು ಪೂರ್ತಿ ದೂರವಾಗುವವರೆಗೆ ಅವಳು ಬಾಗಿಲ ಕಡೆಗೇ ನೋಡುತ್ತಿದ್ದಳು. ನನ್ನ ಮುಷ್ಟಿಯೊಳಗಿನ ಬೆಲ್ಲ ಬೆವರಿಗೆ ಕರಗಿ ಬೆರಳುಗಳ ಸಂದಿಯಿಂದ ಇಳಿಯುತ್ತಿತ್ತು. ಕೈ ತೆರೆಯಲು ನನಗೆ ಧೈರ್ಯವಾಗಲಿಲ್ಲ.